ಸಾಕು ಎಂಬ ಹೆಸರಿನವಳು

ಜೆಯ್ತಿನ್‌ಬುರ್ನು ಬಡಾವಣೆಯಲ್ಲಿ ಯೆತೆರ್ ಕೆಲಸ ಮಾಡುತ್ತಿದ್ದ ಜಾಗವನ್ನು ಕಾರ್ಖಾನೆ ಅಂತ ಕರೆದರೆ ಅಲ್ಲಿಯವರೇ ನಕ್ಕಾರು. ಎತ್ತರದ ವಠಾರವೊಂದರ ನೆಲಮಾಳಿಗೆ ಅದು. ಕಿಟಕಿ ಅಂತ ಇದ್ದದ್ದು ಸೂರಿನ ಹತ್ತಿರ ಒಂದು ಗೇಣಗಲದ ಸಂದು. ಅದರಲ್ಲಿ ಬೀದಿಯಲ್ಲಿ ಓಡಾಡುವವರ ಪಾದಗಳು ಕಾಣುತ್ತಿದ್ದವು, ಚಳಿಗಾಲವಾದರೆ ಕೆಸರು ಮತ್ತು ಕಲ್ಲಿದ್ದಲ ಹೊಗೆ. ಒಳಗೆ ಸಾಲಾಗಿ ಹೊಲಿಗೆ ಮಿಷನ್ನುಗಳು, ಮೂಲೆಯಲ್ಲಿ ಚಹಾ ಕುದಿಯುವ ಕೆಟಲು, ಯಾವಾಗಲೂ ಅರಚುವ ಒಂದು ರೇಡಿಯೋ. ಯೆತೆರಳದ್ದು ಅಂಗಿಗೆ ಕಾಲರ್ ಕೂರಿಸುವ ಕೆಲಸ. ಕೈ ಚುರುಕು, ಬಾಯಿ ಕಡಿಮೆ. ಮಾಲೀಕನಿಗೆ ಅವಳ ಮೇಲೆ ಯಾವ ದೂರೂ ಇರಲಿಲ್ಲ.

ಆ ಚಳಿಗಾಲದ ಒಂದು ಮಧ್ಯಾಹ್ನ ಇದೇ ಯೆತೆರ್ ಮಿಷನ್ನು ಬಿಟ್ಟು ಎದ್ದಳು. ಬಟ್ಟೆ ಗಂಟುಗಳ ನಡುವೆ ಹೋಗಿ ಮುದುಡಿ ಕೂತು, ಎಳೆ ಮಗುವಿನ ದನಿಯಲ್ಲಿ ಅವ್ವನನ್ನು ಕರೆಯತೊಡಗಿದಳು. ಆಮೇಲೆ ಊಟದ ಡಬ್ಬಿಗಳನ್ನೆಲ್ಲ ತಡಕಾಡಿ, ಯಾರೋ ತಂದಿದ್ದ ಹಿಪ್ಪುನೇರಳೆ ಹಣ್ಣಿನ ಕಾಕಂಬಿಯನ್ನು ಬೆರಳಲ್ಲಿ ಬಳಿದು ಬಳಿದು ನೆಕ್ಕಿದಳು. ಹೆಂಗಸರು ಮೊದಲು ನಕ್ಕರು, ಆಮೇಲೆ ಹೆದರಿದರು. ಸಂಜೆ ಯೆತೆರಳಿಗೆ ಮೈಮೇಲೆ ಪ್ರಜ್ಞೆ ಬಂದಾಗ ಗಲ್ಲವೆಲ್ಲ ಅಂಟಂಟು. ಕಾಕಂಬಿ ಅಂದರೆ ಹುಟ್ಟಿದಾಗಿನಿಂದ ಅವಳಿಗೆ ವಾಕರಿಕೆ.

“ಏನಾಯ್ತೇ ನೂರ್ತೆನ್? ಯಾಕೆ ಎಲ್ರೂ ಹಿಂಗ್ ನೋಡ್ತಿದೀರಾ?” ಎಂದು ಪಕ್ಕದ ಮಿಷನ್ನಿನವಳನ್ನು ಕೇಳಿದಳು.

“ನನ್ನ ಕೇಳ್ತೀಯಲ್ಲ ಮಹರಾಯ್ತಿ! ಮಧ್ಯಾಹ್ನದಿಂದ ‘ಅವ್ವ ಎಲ್ಲಿ, ಅವ್ವ ಎಲ್ಲಿ’ ಅಂತ ನಮ್ಮ ಪ್ರಾಣ ತಿಂದಿದೀಯ. ನಿನ್ನ ಹೆಸರೇನಮ್ಮಾ ಪುಟ್ಟಿ ಅಂತ ನಾನು ತಮಾಷೆಗೆ ಕೇಳಿದ್ರೆ, ಗುಲಿಜಾರ್ ಅಂದೆ.”

ಯೆತೆರ್ ಗಲ್ಲ ಒರೆಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. “ಗುಲಿಜಾರ್ ನಮ್ಮಕ್ಕ ಕಣೆ. ನಾನು ಹುಟ್ಟೋಕೂ ಮುಂಚೆ ಸತ್ತೋದ್ಲು.”

ನೂರ್ತೆನ್ ಕೆಟ್ಟದ್ದು ತಾಗದಿರಲೆಂದು ತನ್ನ ಕಿವಿಯ ತುದಿ ಎಳೆದುಕೊಂಡು, ಮೇಜಿನ ಮರಕ್ಕೆ ಬೆರಳು ಕುಟ್ಟಿ, ಇಲ್ಲಿಗೆ ಬೇಡಪ್ಪಾ ದೇವರೇ ಎಂದು ಎದ್ದು ಹೋದಳು.

ಇದು ಮೊದಲನೆಯ ಸಲವೇನಲ್ಲ, ಹತ್ತು ಜನರ ಕಣ್ಣಿಗೆ ಬಿದ್ದದ್ದು ಮೊದಲನೆಯ ಸಲ. ಎಷ್ಟೋ ದಿನ ಬಸ್ಸು ಹತ್ತಿದ್ದು ನೆನಪಿರುತ್ತಿತ್ತು, ಇಳಿದದ್ದು ಇರುತ್ತಿರಲಿಲ್ಲ. ಮನೆಯಲ್ಲಿ ಕಾಕಂಬಿ ಜಾಡಿ ತಾನಾಗೇ ಬರಿದಾಗುತ್ತಿತ್ತು. ಗಂಡ ಬೆಕಿರ್‌ಗೆ ಇದೆಲ್ಲ ಗೊತ್ತಿತ್ತು. ಮಿನಿಬಸ್ಸು ಓಡಿಸುವವನು, ಬಾಯಿ ಜೋರು, ಕೈ ಎತ್ತಿದವನಲ್ಲ. ಮಕ್ಕಳಿಲ್ಲದ್ದಕ್ಕೆ ಅವನ ಕಡೆಯವರು ಕುಟುಕಿದಾಗಲೆಲ್ಲ ‘ನಿಮಗ್ಯಾಕೆ ಅದೆಲ್ಲ’ ಎಂದು ಬಾಯಿ ಮುಚ್ಚಿಸಿದವನು. ಅವನೇ ಅವಳನ್ನು ಮಂತ್ರ ಹಾಕುವ ಹೋಜಾನ ಹತ್ತಿರ ಕರೆದುಕೊಂಡು ಹೋದ. ದೇವರ ಹೆಸರು ಹೇಳದೆ ಬಚ್ಚಲಿಗೆ ಬಿಸಿನೀರು ಚೆಲ್ಲಿದ್ದಾಳೆ, ಅಲ್ಲಿದ್ದ ಜಿನ್ನು ಸಿಟ್ಟಾಗಿ ಒಳಹೊಕ್ಕಿದೆ ಎಂದ ಹೋಜಾ. ಕಾಗದದ ಮೇಲೆ ಏನೋ ಬರೆದು, ಆ ಶಾಯಿಯನ್ನು ನೀರಲ್ಲಿ ಕದಡಿ ಕುಡಿಸಿದ. ಜಿನ್ನಿಗೇನೂ ಆಗಲಿಲ್ಲ, ಯೆತೆರಳ ಹೊಟ್ಟೆ ಕೆಟ್ಟಿತು.

ಈಗ ಮಾಲೀಕ, ವಾಸಿ ಮಾಡಿಕೊಂಡು ಬಾ, ಇಲ್ಲವಾದರೆ ಬರಬೇಡ ಎಂದುಬಿಟ್ಟ. ಯೆತೆರ್ ಒಂದು ಬೆಳಿಗ್ಗೆ ಒಬ್ಬಳೇ ಟ್ರಾಮು ಹತ್ತಿ ದೊಡ್ಡಾಸ್ಪತ್ರೆಯ ಮನೋರೋಗ ವಿಭಾಗದ ಮುಂದೆ ಸರದಿಗೆ ನಿಂತಳು.

ಅಲ್ಲೇ ಶುರುವಾಯಿತು ನೋಡಿ ಎಡವಟ್ಟು. ಒಳಗಿಂದ ನರ್ಸು “ಗುಲಿಜಾರ್! ಗುಲಿಜಾರ್ ಯಾರ್ರೀ?” ಎಂದು ಕೂಗಿದಳು. ಯೆತೆರ್ ಕೂತೇ ಇದ್ದಳು. ಪಕ್ಕದವಳು ತಿವಿದ ಮೇಲೆ ಬೆಚ್ಚಿ ಎದ್ದಳು. ಸರ್ಕಾರಿ ಗುರುತು ಚೀಟಿಯಲ್ಲಿ ಅವಳ ಹೆಸರು ಗುಲಿಜಾರ್ ಅಂತಲೇ ಇತ್ತು.

ಒಳಗಿದ್ದವಳು ಡಾಕ್ಟರ್ ಫೆರ್ದಾ. ಚಿಕ್ಕ ವಯಸ್ಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಒಂದೇ ಮೈಯಲ್ಲಿ ಹಲವರಾಗಿ ಬದುಕುವವರ ಬಗ್ಗೆಯೇ ಅವಳ ಅಧ್ಯಯನ. ಅವಳ ದೊಡ್ಡ ಪ್ರೊಫೆಸರು ಇದನ್ನೆಲ್ಲ ನಂಬುವ ಮನುಷ್ಯನಲ್ಲ. ‘ನೀನು ಕೇಳಿ ಕೇಳಿ ಅವರ ಬಾಯಲ್ಲಿ ಹುಟ್ಟಿಸ್ತೀಯಮ್ಮಾ’ ಎಂದು ಎಲ್ಲರ ಮುಂದೆ ಹಂಗಿಸುತ್ತಿದ್ದ. ಅದಕ್ಕೇ ಅವಳು ಹೆಜ್ಜೆ ಹೆಜ್ಜೆಗೂ ಹುಷಾರು. ಮೊದಲು ಯೆತೆರಳ ತಲೆಗೆ ತಂತಿಗಳನ್ನು ಅಂಟಿಸಿ, ಇದು ಮೂರ್ಛೆ ರೋಗವಲ್ಲ ಅಂತ ಖಾತ್ರಿ ಮಾಡಿಕೊಂಡಳು. ತಲೆಗೆಂದಾದರೂ ಪೆಟ್ಟು ಬಿದ್ದಿತ್ತೇ, ಕುಡಿತವುಂಟೇ, ಮಾತ್ರೆ ನುಂಗುತ್ತಾಳೆಯೇ ಎಂದು ವಿಚಾರಿಸಿದಳು. ಆಮೇಲೆ ಪ್ರಶ್ನೆಗಳ ಸರಮಾಲೆ.

“ನೀವು ಕೊಂಡ ನೆನಪೇ ಇಲ್ಲದ ಸಾಮಾನು ನಿಮ್ಮ ಮನೆಯಲ್ಲಿ ಸಿಕ್ಕಿದ್ದುಂಟಾ?”

“ಉಂಟು.”

“ನೂರಕ್ಕೆ ಎಷ್ಟು ಸಲ ಅಂತ ಹೇಳಬಹುದು?”

“ಅಯ್ಯೋ, ನೂರಕ್ಕೆ ಇಷ್ಟು ಅಂತ ಹೇಳೋಕೆ ನಾನೇನು ಬಡ್ಡಿ ವ್ಯಾಪಾರ ಮಾಡ್ತೀನಾ ಡಾಕ್ಟ್ರೇ? ಆಗತ್ತೆ. ಅಷ್ಟೇ.”

ಫೆರ್ದಾ ನಕ್ಕಳು. “ಸರಿ. ಕನ್ನಡಿ ನೋಡ್ಕೊಂಡಾಗ, ಇದು ನಾನಲ್ಲ ಅನ್ನಿಸಿದ್ದುಂಟಾ?”

ಯೆತೆರ್ ಹೌದೆಂದು ತಲೆಯಾಡಿಸಿದಳು. ಯಾರಾದರೂ ಈ ಪ್ರಶ್ನೆ ಕೇಳಲಿ ಅಂತ ಅವಳು ಚಿಕ್ಕಂದಿನಿಂದ ಕಾದಿದ್ದಳೋ ಏನೋ, ಕಣ್ಣಲ್ಲಿ ನೀರು ಬಂದುಬಿಟ್ಟಿತು.

ವಾರಕ್ಕೊಂದು ದಿನ ಹೋಗಿ ಬರತೊಡಗಿದಳು. ಕೋಣೆಯ ಮೂಲೆಯಲ್ಲಿ ಮೂರು ಕಾಲಿನ ಮೇಲೆ ಒಂದು ಕ್ಯಾಮೆರಾ, ಎಲ್ಲವೂ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. ಯಾವಾಗ ದನಿ ಬದಲಾಗುತ್ತದೆ, ಕಣ್ಣು ಯಾವ ಕಡೆ ಹೊರಳುತ್ತದೆ, ಬರೆಯುವ ಕೈ ಯಾವುದು, ಇದನ್ನೆಲ್ಲ ಫೆರ್ದಾ ಆಮೇಲೆ ಕೂತು ಮತ್ತೆ ಮತ್ತೆ ನೋಡುತ್ತಿದ್ದಳು. ತಾನಾಗಿ ಯಾವ ಹೆಸರನ್ನೂ ಎತ್ತುತ್ತಿರಲಿಲ್ಲ. ಈಗ ಮಾತಾಡ್ತಿರೋದು ಯಾರು ಎಂದು ಮಾತ್ರ ಕೇಳುವುದು. ಇಷ್ಟೆಲ್ಲ ಜಾಗರೂಕತೆಯಲ್ಲಿದ್ದವಳು ಕಣ್ಣ ಮುಂದೆಯೇ ಇದ್ದದ್ದನ್ನು ಕಾಣದೆ ಹೋದಳಲ್ಲ! ಆಸ್ಪತ್ರೆಯ ಕಡತ ಗುಲಿಜಾರ್ ಅನ್ನುತ್ತದೆ. ಈ ಹೆಂಗಸೋ ನಾನು ಯೆತೆರ್ ಅನ್ನುತ್ತಾಳೆ, ಗುಲಿಜಾರ್ ಸತ್ತುಹೋದಳು ಅನ್ನುತ್ತಾಳೆ. ಅಂದರೆ ಮೂಲ ಮನುಷ್ಯಳು ಗುಲಿಜಾರ್, ಈ ಯೆತೆರ್ ಅನ್ನುವವಳು ನಡುವೆ ಹುಟ್ಟಿಕೊಂಡವಳು ಎಂದು ಡಾಕ್ಟರು ಲೆಕ್ಕ ಹಾಕಿಬಿಟ್ಟಳು.

“ಯೆತೆರ್, ನೀವು ಗುಲಿಜಾರಳ ಬದುಕಿಗೆ ಯಾವಾಗ ಬಂದಿರಿ?” ಎಂದು ಒಂದು ದಿನ ತುಂಬ ಮೆತ್ತಗೆ ಕೇಳಿದಳು.

“ನಾನೆಲ್ಲಿ ಬಂದೆ?”

“ಗಾಬರಿ ಬೇಡ. ಯಾವುದೋ ಕಷ್ಟದಲ್ಲಿ ಗುಲಿಜಾರಳಿಗೆ ಸಹಾಯ ಮಾಡೋಕೆ ನೀವು ಹುಟ್ಟಿರಬಹುದು. ಅದು ಯಾವಾಗ ಅಂತ ನೆನಪಿದೆಯಾ?”

ಯೆತೆರ್ ಅವಳನ್ನೇ ನೋಡಿದಳು. ಅವಳ ಎದೆಯೊಳಗೆ ಏನು ಹೊತ್ತಿಕೊಂಡಿತೋ, ಜನ್ಮದಲ್ಲಿ ಯಾರ ಮೇಲೂ ದನಿ ಎತ್ತದವಳು ಕುರ್ಚಿ ತಳ್ಳಿ ಎದ್ದು ನಿಂತಳು.

“ನಾನು ಹುಟ್ಟಿದ್ದು ನಮ್ಮವ್ವನ ಹೊಟ್ಟೆಯಿಂದ ಡಾಕ್ಟ್ರೇ! ನೀವೂ ಶುರು ಹಚ್ಕೊಂಡ್ರಾ? ಗುಲಿಜಾರ್ ನಾಲ್ಕು ವರ್ಷದವಳಿದ್ದಾಗ ದಡಾರ ಎದ್ದು ಸತ್ತಳು. ಆಮೇಲೆ ನಾನು ಹುಟ್ಟಿದೆ. ನಮ್ಮಪ್ಪ ಅವಳ ಚೀಟಿ ರದ್ದು ಮಾಡಿಸ್ಲಿಲ್ಲ, ಅದನ್ನೇ ನನಗೆ ಕೊಟ್ಟ. ರದ್ದು ಮಾಡಿಸೋಕೆ ಜಾರಾ ಪೇಟೆಯ ಕಚೇರಿಗೆ ಹೋಗಬೇಕು, ಹಿಮ ಬಿದ್ದು ರಸ್ತೆ ಮುಚ್ಚಿತ್ತು, ಒಂದು ಹೆಣ್ಣುಮಗೂಗೋಸ್ಕರ ಯಾರು ಅಷ್ಟು ದೂರ ಓಡಾಡ್ತಾರೆ? ಅಷ್ಟೇ ಇರೋದು!”

ಫೆರ್ದಾ ಹಣೆಗೆ ಕೈ ಒತ್ತಿಕೊಂಡಳು. ಸತ್ತ ಮಗುವಿನ ಗುರುತು ಚೀಟಿಯನ್ನು ಆಮೇಲೆ ಹುಟ್ಟಿದ ಮಗುವಿಗೆ ದಾಟಿಸುವುದು ಆ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಫೆರ್ದಾಳ ಸ್ವಂತ ಅಪ್ಪನೇ ಸತ್ತ ಅಣ್ಣನ ಚೀಟಿಯಲ್ಲಿ ನೌಕರಿ ಮಾಡಿ, ಅಣ್ಣನ ವಯಸ್ಸಿಗೆ ನಿವೃತ್ತನಾದವನು. ಮನೆಯಲ್ಲಿ ಎಲ್ಲರೂ ಅದನ್ನು ಹೇಳಿಕೊಂಡು ನಗುತ್ತಿದ್ದರು. ಮನೆಯಲ್ಲಿ ನಗುವ ಸಂಗತಿ ಆಸ್ಪತ್ರೆಯ ಕೋಣೆಯಲ್ಲಿ ಅವಳಿಗೆ ನೆನಪೇ ಆಗಿರಲಿಲ್ಲ.

“ತಪ್ಪಾಯ್ತು ಯೆತೆರ್. ಕೂತ್ಕೊಳಿ. ದಯವಿಟ್ಟು ಮೊದಲಿಂದ ಹೇಳಿ.”

ಯೆತೆರ್ ಕೂತು ಹೇಳಿದಳು.

ಗಂಡು ಬೇಕು ಅಂತ ಕಾದಿದ್ದ ಮನೆಯಲ್ಲಿ ಮತ್ತೊಂದು ಹೆಣ್ಣು ಹುಟ್ಟಿತು. ಅಜ್ಜಿ ತೊಟ್ಟಿಲ ಹತ್ತಿರ ಬಂದು ‘ಯೆತೆರ್’ ಎಂದಳು. ಅವರ ಮಾತಿನಲ್ಲಿ ಹಾಗಂದರೆ ‘ಸಾಕು’. ನಮ್ಮ ಊರುಗಳಲ್ಲಿ ಸಾಕಮ್ಮಂದಿರಿಲ್ಲವೇ, ಹಾಗೆ. ಅಪ್ಪ, ಅಜ್ಜಿ, ಕೇರಿಯವರು ಎಲ್ಲರಿಗೂ ಅವಳು ಯೆತೆರ್. ಅವ್ವ ಫಾದಿಮೆಗೆ ಮಾತ್ರ ಗುಲಿಜಾರ್. ಕಿವಿಯ ಹಿಂದೆ ಸತ್ತವಳಿಗಿದ್ದ ಜಾಗದಲ್ಲೇ ಮಚ್ಚೆ ಇದೆ, ನನ್ನ ಮಗಳು ತಿರುಗಿ ಬಂದಳು ಎಂದು ಅವ್ವ ನಂಬಿದಳು. ಸತ್ತವಳ ಲಂಗವನ್ನೇ ತೊಡಿಸಿದಳು. ನಿನಗಿದು ಬಲು ಇಷ್ಟ ಎಂದು ರೊಟ್ಟಿಗೆ ಕಾಕಂಬಿ ಸುರಿದು ತಿನ್ನಿಸಿದಳು. ಮಗು ವಾಂತಿ ಮಾಡಿಕೊಂಡರೆ, ‘ಯಾಕೆ ನಾಟಕ ಆಡ್ತೀಯ, ಆಗ ತಿಂತಿರ್ಲಿಲ್ವಾ’ ಎಂದು ಬೆನ್ನಿಗೆ ಗುದ್ದುತ್ತಿದ್ದಳು. ಸತ್ತವಳು ಹೇಳುತ್ತಿದ್ದ ಹಾಡು ಬರದಿದ್ದರೆ ಹಿಮದಲ್ಲಿ ಹೊರಗೆ ನಿಲ್ಲಿಸುವುದು. ನೆನಪಾಗೋ ತನಕ ಒಳಗೆ ಬರಬೇಡ ಅನ್ನುವುದು. ತಾನು ಕೇಳಿಯೇ ಇರದ ಹಾಡು, ನೆನಪಾಗುವುದಾದರೂ ಎಲ್ಲಿಂದ? ಆದರೂ ಎಷ್ಟೋ ಸಲ ಹೊರಗೆ ನಿಂತವಳಿಗೆ ಎಚ್ಚರಾಗುವ ಹೊತ್ತಿಗೆ ಒಲೆಯ ಪಕ್ಕ ಕಂಬಳಿಯೊಳಗಿರುತ್ತಿದ್ದಳು, ಅವ್ವ ಖುಷಿಯಾಗಿರುತ್ತಿದ್ದಳು. ನಡುವೆ ಏನಾಯಿತು ಅಂತ ಅವಳಿಗೆ ತಿಳಿಯುತ್ತಿರಲಿಲ್ಲ.

ಚೀಟಿಯ ಲೆಕ್ಕದಲ್ಲಿ ವಯಸ್ಸು ಜಾಸ್ತಿಯಾದ್ದರಿಂದ ಹಾಲುಹಲ್ಲಿನಲ್ಲೇ ಶಾಲೆಗೆ ದಬ್ಬಿದರು. ಚೀಟಿಗೆ ಹದಿನೆಂಟಾದಾಗ ಮದುವೆಯನ್ನೂ ಮಾಡಿದರು. ಮೈಗೆ ಆಗ ಎಷ್ಟು ವಯಸ್ಸು ಅಂತ ಒಬ್ಬರೂ ಕೇಳಲಿಲ್ಲ. ಕಾನೂನಿನ ಕಣ್ಣಿಗೆ ಎಲ್ಲ ಸರಿಯಿತ್ತು ನೋಡಿ.

ಫೆರ್ದಾ ತನ್ನ ಶಾಸ್ತ್ರ ಹೇಳುವುದನ್ನು ಯೆತೆರಳಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದಳು. “ನಿಮ್ಮೊಳಗೆ ಜಿನ್ನೂ ಇಲ್ಲ, ಸತ್ತವಳ ಆತ್ಮವೂ ಇಲ್ಲ. ಇಬ್ಬರು ಮನುಷ್ಯರೂ ಇಲ್ಲ. ತಡ್ಕೊಳ್ಳೋಕಾಗದ್ದು ಮಕ್ಕಳಿಗೆ ಮೇಲಿಂದ ಮೇಲೆ ಆದಾಗ, ಎಳೇ ಮನಸ್ಸು ತನ್ನೊಳಗೇ ಒಂದು ಗೋಡೆ ಎಬ್ಬಿಸಿಕೊಳ್ಳತ್ತೆ. ಗೋಡೆಯ ಆಚೆ ನಡೆದದ್ದು ಈಚೆಯವಳಿಗೆ ಗೊತ್ತಾಗಲ್ಲ. ನಿಮ್ಮವ್ವನಿಗೆ ಗುಲಿಜಾರ್ ಬೇಕಿತ್ತು, ನೀವು ಗುಲಿಜಾರಳನ್ನ ಮಾಡಿಕೊಟ್ಟಿರಿ. ಇಲ್ಲದಿದ್ರೆ ನೀವು ಉಳೀತಿರಲಿಲ್ಲವೇನೋ.”

“ಹಂಗಾದ್ರೆ ಅವಳನ್ನ ತೆಗೆದುಬಿಡ್ತೀರಾ?”

“ತೆಗೆಯೋದಲ್ಲ. ಗೋಡೆಯನ್ನ ನಿಧಾನವಾಗಿ ಇಳಿಸೋದು. ಅವಳಿಗೆ ಗೊತ್ತಿರೋದೆಲ್ಲ ನಿಮಗೂ ಗೊತ್ತಾಗಬೇಕು. ಅದಕ್ಕೆ ವರ್ಷಗಳೇ ಬೇಕಾಗಬಹುದು. ಅದಕ್ಕಿಂತ ಮೊದಲು ನಿಮ್ಮ ಬಾಲ್ಯ ನೋಡಿದವರು ಯಾರಾದರೂ ಬಂದು ಹೇಳಬೇಕು. ನಿಮ್ಮ ಮಾತೊಂದೇ ಸಾಕಾಗಲ್ಲ, ನಮ್ಮ ಪ್ರೊಫೆಸರು ನನ್ನ ಹರಿದು ತಿಂತಾರೆ. ನಿಮ್ಮವ್ವ ಬರ್ತಾರಾ?”

ಯೆತೆರ್ ತಲೆವಸ್ತ್ರದ ತುದಿಯನ್ನು ಸುರುಳಿ ಸುತ್ತಿದಳು. “ಬಂದ್ರೆ ನೀವು ಹೇಳ್ತೀರಾ ಅವ್ವನಿಗೆ? ನಾನು ಗುಲಿಜಾರ್ ಅಲ್ಲ, ನಾನು ಬೇರೆ ಅಂತ? ಡಾಕ್ಟ್ರು ಹೇಳಿದ್ರೆ ಕೇಳ್ತಾಳೆ. ಒಂದೇ ಒಂದು ಸಲ ಅವಳ ಬಾಯಲ್ಲಿ ಯೆತೆರ್ ಅಂತ ಕರೆಸ್ಕೋಬೇಕು ನಾನು. ಇಷ್ಟು ವರ್ಷದಲ್ಲಿ ಒಂದು ಸಲಾನೂ ಕರೆದಿಲ್ಲ ಅವಳು.”

“ಯೆತೆರ್ ಅಂದ್ರೆ ಸಾಕು ಅಂತಲ್ವಾ? ಆ ಹೆಸರೇ ಯಾಕೆ ಬೇಕು ನಿಮಗೆ?”

“ಕೆಟ್ಟದೋ ಒಳ್ಳೇದೋ, ನನಗೆ ಅಂತ ಇಟ್ಟಿದ್ದು ಅದೊಂದೇ ಡಾಕ್ಟ್ರೇ.”

ಅವ್ವ ಫಾದಿಮೆ ಮಾರ್ಚ್ ತಿಂಗಳಲ್ಲಿ ತವರಿನ ಕಡೆಯ ಸಿವಾಸ್ ಬಸ್ಸಿನಿಂದ ಇಳಿದಳು. ಕುಳ್ಳಗೆ, ಒಣಗಿದ ಮೈ, ಎರಡು ಕೈಗೂ ಗಂಟು. ಗಿಣ್ಣಿನ ಮಡಕೆ, ಒಣಗಿಸಿದ ಹಿಪ್ಪುನೇರಳೆ, ಒಂದು ದೊಡ್ಡ ಜಾಡಿ ಕಾಕಂಬಿ. ಮಗಳ ಎರಡು ಕೆನ್ನೆಗೂ ತುಟಿ ಮುಟ್ಟಿಸಿ, “ಸೊರಗಿದೀಯಲ್ಲೇ ಗುಲಿಜಾರ್” ಎಂದಳು. ಯೆತೆರ್ ಗಂಟು ಇಸಿದುಕೊಂಡು ಮುಂದೆ ನಡೆದಳು. ಇರಲಿ, ಇನ್ನೆರಡು ದಿನ, ಡಾಕ್ಟರು ಹೇಳುತ್ತಾಳೆ ಎಂದುಕೊಂಡಳು. ಮನೆಯಲ್ಲಿ ಬೆಕಿರ್ ಅತ್ತೆಯ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡು, “ನಿಮ್ಮ ಮಗಳನ್ನ ರಿಪೇರಿಗೆ ಬಿಟ್ಟಿದೀವಿ ಅತ್ತೆ, ಒರಿಜಿನಲ್ ಪಾರ್ಟು ಯಾವುದು ಅಂತ ನೋಡಿ ಹೇಳೋಕೆ ನೀವೇ ಬರಬೇಕಂತೆ” ಎಂದ. ಅವನಿಗೆ ಅಳು ಬರುವಂಥಾದ್ದಕ್ಕೆಲ್ಲ ತಮಾಷೆ ಮಾಡುವ ಚಾಳಿ. ಅತ್ತೆ ನಗಲಿಲ್ಲ.

ಆಸ್ಪತ್ರೆಗೆ ಹೋದ ದಿನ ಯೆತೆರ್ ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು, ಹೂವಿನ ಅಂಚಿನ ತಲೆವಸ್ತ್ರ ಕಟ್ಟಿಕೊಂಡಿದ್ದಳು. ಕೋಣೆಯಲ್ಲಿ ಮೂವರೇ, ಮೂಲೆಯಲ್ಲಿ ಕ್ಯಾಮೆರಾ. ಫೆರ್ದಾ ಅವ್ವನಿಗೆ ಚಹಾ ಕೊಟ್ಟು, ಊರಿನ ಹಿಮ ಕರಗಿತೇ ಎಂದೆಲ್ಲ ಕೇಳಿ, ಮೆಲ್ಲಗೆ ಹಳೆಯ ಮಾತಿಗೆ ಬಂದಳು. ದಡಾರ ಬಂದ ವರ್ಷದ ಕತೆಯನ್ನು ಅವ್ವ ಹೇಳತೊಡಗಿದಳು. ಮಗುವನ್ನು ಹೊತ್ತುಕೊಂಡು ಹಿಮದಲ್ಲಿ ಹೊರಟದ್ದು, ದಾರಿಯ ಅರ್ಧದಲ್ಲಿ ಅದು ‘ಅವ್ವಾ ಚಳಿ’ ಎಂದದ್ದು. ಅಷ್ಟು ಕೇಳಿದ್ದು ಯೆತೆರಳಿಗೆ ನೆನಪಿದೆ. ಕಿವಿಯಲ್ಲಿ ಜುಂಯ್ ಎಂದಿತು. ಕಿಟಕಿಯ ಬೆಳಕು ದೂರ ದೂರ ಹೋಯಿತು. ಮತ್ತೆ ಕಣ್ಣು ಬಿಟ್ಟಾಗ ಅವಳು ನೆಲದ ಮೇಲೆ ಕೂತಿದ್ದಳು, ತಲೆವಸ್ತ್ರ ಬಿಚ್ಚಿಹೋಗಿತ್ತು. ಅವ್ವನ ಮುಖ ಅತ್ತು ಅತ್ತು ಕೆಂಪಾಗಿತ್ತು. ಆದರೆ ಆ ಮುಖದಲ್ಲಿ ಒಂದು ಕಳೆ ಇತ್ತು, ಯೆತೆರ್ ಜನ್ಮದಲ್ಲಿ ಕಾಣದ ಕಳೆ. ಮಗಳು ಕಣ್ಣು ಬಿಟ್ಟು ನೋಡುತ್ತಲೇ ಅದು ಆರಿಹೋಯಿತು.

“ಏನಾಯ್ತು ಡಾಕ್ಟ್ರೇ? ಹೇಳಿದ್ರಾ ನೀವು? ಅವ್ವ ಏನಂದ್ಲು?”

ಫೆರ್ದಾ ಇವತ್ತಿಗೆ ಇಷ್ಟು ಸಾಕು ಎಂದಳು.

ಯೆತೆರ್ ಬಿಡಲಿಲ್ಲ. ಮರುದಿನ ಒಬ್ಬಳೇ ಹೋಗಿ ಬಾಗಿಲಲ್ಲಿ ಕೂತಳು. “ಆ ಕ್ಯಾಸೆಟ್ಟು ತೋರಿಸಿ.”

“ಈಗಲ್ಲ. ಇನ್ನೂ ಕೆಲವು ತಿಂಗಳು ಹೋಗಲಿ. ಇಂಥದ್ದನ್ನ ಗಡಿಬಿಡಿಯಲ್ಲಿ ತೋರಿಸಬಾರದು ಅಂತ ನಿಯಮ ಇದೆ.”

“ನಡೆದದ್ದು ನನ್ನ ಮೈಯಲ್ಲಿ. ನಿಮಗೆ ಗೊತ್ತು, ನಮ್ಮವ್ವನಿಗೆ ಗೊತ್ತು, ಆ ಹಾಳು ಕ್ಯಾಮೆರಾಕ್ಕೂ ಗೊತ್ತು. ನನಗೊಬ್ಬಳಿಗೆ ಗೊತ್ತಿಲ್ಲ. ಅವ್ವ ಮನೇಲಿ ಬಾಯೇ ಬಿಡ್ತಿಲ್ಲ ಡಾಕ್ಟ್ರೇ, ನಾಳೆ ಬಸ್ಸು ಹತ್ತಿ ಹೊರಟೋಗ್ತಾಳೆ. ನಿಮ್ಮ ಕಾಲಿಗೆ ಬೀಳ್ತೀನಿ.”

ಫೆರ್ದಾ ತೋರಿಸಬಾರದಿತ್ತು. ಓದಿದವಳು, ನಿಯಮ ಬಲ್ಲವಳು, ಆದರೂ ಆ ಹೆಂಗಸಿನ ಮುಖ ನೋಡಿ ಮನಸ್ಸು ಕರಗಿಸಿಕೊಂಡಳು. ಎಷ್ಟು ಬೇಕಾದರೂ ಬೈಯಿರಿ ಅವಳನ್ನು, ಬೈದರೆ ನಾನೇನೂ ಅಡ್ಡ ಬರುವುದಿಲ್ಲ.

ಟಿವಿಯಲ್ಲಿ ಬೂದು ಬಣ್ಣದ ಕೋಣೆ ಕಂಡಿತು. ಕುರ್ಚಿಯಲ್ಲಿ ತಾನು. ತನ್ನ ತಲೆ ಎದೆಗೆ ವಾಲಿತು, ರೆಪ್ಪೆ ಪಟಪಟ ಬಡಿಯಿತು. ಆಮೇಲೆ ತಲೆ ಎತ್ತಿದವಳು ಬೇರೆ. ಅದೇ ಮೂಗು, ಅದೇ ಬಾಯಿ, ಆದರೆ ಅವಳಿಗೆ ನಗು ಗೊತ್ತಿತ್ತು. ಅವಳು ಕುರ್ಚಿಯಿಂದ ಜಾರಿ ನೆಲಕ್ಕಿಳಿದು, ಅವ್ವನ ಮಂಡಿಗೆ ಕೆನ್ನೆ ಒತ್ತಿ, “ಅವ್ವಾ, ಚಳಿ” ಎಂದಳು.

ಅವ್ವನ ಚಹಾದ ಲೋಟ ಕೆಳಗೆ ಬಿತ್ತು. “ಬಂದ್ಯೇನೇ? ಬಂದ್ಯೇನೇ ನನ್ ಕಂದಾ? ಎಲ್ಲೋಗಿದ್ದೆ ಇಷ್ಟ್ ದಿನ?” ಎನ್ನುತ್ತ ಅವ್ವ ಕೋಟಿನ ಗುಂಡಿ ಕಿತ್ತು ಬಿಚ್ಚಿ, ಆ ತಲೆಯನ್ನು ಎದೆಯೊಳಕ್ಕೆ ಎಳೆದುಕೊಂಡಳು. ನೆತ್ತಿಗೆ, ಕಣ್ಣಿಗೆ, ಕಿವಿಯ ಹಿಂದೆ ಮುತ್ತಿಟ್ಟಳು. ಆ ಹಾಡನ್ನು ಇಬ್ಬರೂ ಸೇರಿ ಹೇಳಿದರು. ಟಿವಿಯೊಳಗಿನವಳಿಗೆ ಅದರ ಒಂದು ಪದವೂ ತಪ್ಪಲಿಲ್ಲ.

ಯೆತೆರ್ ತನ್ನ ಕುತ್ತಿಗೆಯನ್ನು, ನೆತ್ತಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಅಷ್ಟು ಮುತ್ತು ಬಿದ್ದದ್ದು ಇದೇ ಚರ್ಮದ ಮೇಲೆ. ಒಂದಾದರೂ ಅವಳಿಗೆ ತಾಗಿರಲಿಲ್ಲ.

ಕ್ಯಾಸೆಟ್ಟಿನಲ್ಲಿ ಫೆರ್ದಾಳ ದನಿ ಕೇಳಿಸಿತು. “ತಾಯಿ, ನಿಮಗೆ ಇನ್ನೊಬ್ಬ ಮಗಳಿದ್ದಾಳೆ. ಯೆತೆರ್. ಅವಳನ್ನ ನೀವು ಆ ಹೆಸರಲ್ಲಿ ಯಾವತ್ತೂ ಕರೆದಿಲ್ಲವಂತೆ?”

“ಆ ಹೆಸ್ರ್ ಎತ್ಬ್ಯಾಡ!” ಅವ್ವ ತಲೆ ಎತ್ತದೆ ಗದರಿದಳು. “ಸಾಕು ಅಂದೋರು ನಮ್ಮತ್ತೆ, ಸಾಕು ಅಂದೋನು ನನ್ ಗಂಡ. ನನಗ್ಯಾವತ್ತು ಸಾಕಾಗಿತ್ತು? ನನ್ನ ಒಂದು ಮಗೂನ ಹಿಮದಾಗೆ ಹೂತು ಬಂದೋಳು ನಾನು. ಹೆತ್ತ್ ಮಗೀಗೆ ಸಾಕು ಅಂತ ಕೂಗೋಕೆ ನನ್ ನಾಲ್ಗೆ ಏಳಾಕಿಲ್ಲ ತಾಯಿ.”

“ಸರಿ. ಆದರೆ ಅವಳಿಗೂ ತಾಯಿ ಬೇಕಲ್ವಾ?”

ಅವ್ವ ತನ್ನ ತೋಳಲ್ಲಿದ್ದವಳನ್ನು ತೂಗುತ್ತ ಕೂತಳು. ಸ್ವಲ್ಪ ಹೊತ್ತಾದ ಮೇಲೆ, “ಇವ್ಳು ಹಿಂಗೇ ಇರಾಕೆ ಔಸ್ದಿ ಏನಾರ ಐತಾ ತಾಯಿ?” ಎಂದು ಕೇಳಿದಳು.

ಫೆರ್ದಾ ಟಿವಿ ಆರಿಸಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. “ಯೆತೆರ್, ಒಂದು ಮಾತು ಕೇಳಿ. ನಿಮ್ಮವ್ವನಿಗೂ ದುಃಖದ ರೋಗ. ಅವರು ಮನಸ್ಸಿನಲ್ಲಿ ಆ ಮಗೂನ ಇನ್ನೂ ಮಣ್ಣು ಮಾಡೇ ಇಲ್ಲ. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ.”

“ಮೂರನೇದೊಂದು ಹೆಸರು ಇಡಬಹುದಿತ್ತಲ್ಲಾ ಡಾಕ್ಟ್ರೇ” ಎಂದಳು ಯೆತೆರ್. “ಸಾಕು ಅನ್ನೋಕೆ ನಾಲಿಗೆ ಏಳದಿದ್ರೆ, ಅವಳದೇ ಯಾಕೆ? ಊರಲ್ಲಿ ಬೇರೆ ಹೆಸರೇ ಇರಲಿಲ್ವಾ?” ಎಂದವಳು ತಲೆವಸ್ತ್ರ ಬಿಗಿದುಕೊಂಡು ಹೊರಟಳು. ಮುಂದಿನ ವಾರ ಖಂಡಿತ ಬನ್ನಿ ಎಂದು ಫೆರ್ದಾ ಮೆಟ್ಟಿಲವರೆಗೂ ಹಿಂದೆ ಬಂದಳು.

ಮರುದಿನ ಮಧ್ಯಾಹ್ನ ಅವ್ವನನ್ನು ಬಸ್ಸಿಗೆ ಹತ್ತಿಸಲು ಎಸೆನ್ಲರ್ ನಿಲ್ದಾಣಕ್ಕೆ ಯೆತೆರ್ ಒಬ್ಬಳೇ ಹೋದಳು. ಎಳ್ಳು ರೊಟ್ಟಿ ಮಾರುವವರ ಕೂಗು, ಡೀಸೆಲ್ ನಾತ, ಸೈನ್ಯಕ್ಕೆ ಹೊರಟ ಹುಡುಗನೊಬ್ಬನ ಸುತ್ತ ಡೋಲು ಬಾರಿಸಿ ಕುಣಿಯುವ ಸ್ನೇಹಿತರು. ತಾಯಿ ಮಗಳು ಒಂದು ಬೆಂಚಿನ ಮೇಲೆ ಗಂಟನ್ನು ನಡುವೆ ಇಟ್ಟುಕೊಂಡು ಕೂತರು. ದಾರಿಯುದ್ದಕ್ಕೂ ಯೆತೆರ್ ಒಂದು ಮಾತನ್ನು ಬಾಯೊಳಗೇ ಕಟ್ಟಿಕೊಂಡು ಬಂದಿದ್ದಳು. ಅವ್ವಾ, ನನ್ನನ್ನೂ ಒಂದು ಸಲ ನೋಡು, ನಾನೂ ಚಳಿಯಲ್ಲೇ ನಿಂತಿದ್ದೆ. ಇಷ್ಟೇ. ಸಿವಾಸಿನ ಬಸ್ಸು ಬಂದು ನಿಂತಿತು, ಕ್ಲೀನರು ಗಂಟುಗಳನ್ನು ಒಳಗೆ ತುಂಬತೊಡಗಿದ. ಈಗ ಹೇಳದಿದ್ದರೆ ಇನ್ನಿಲ್ಲ ಎಂದು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಅವ್ವನೇ ಅವಳ ಕೈ ಹಿಡಿದುಕೊಂಡಳು. ಹಾಗೆಲ್ಲ ಹಿಡಿಯುವವಳಲ್ಲ.

“ಒಂದ್ ಮಾತು ಕೇಳ್ತೀನಿ, ಸಿಟ್ ಮಾಡ್ಕಬ್ಯಾಡ” ಎಂದಳು ಅವ್ವ. ಅವಳ ಕಣ್ಣು ಮಗಳ ಮುಖವನ್ನು ತಪ್ಪಿಸಿ ಬೆಂಚಿನ ಕಾಲಿನ ಮೇಲಿತ್ತು. “ಡಾಕ್ಟ್ರಮ್ಮ ಎಲ್ಲಾ ಯೋಳವ್ಳೆ. ನೀನು ಬ್ಯಾರೆ, ಅವ್ಳು ಬ್ಯಾರೆ ಅಂತ. ಆಯ್ತು, ಒಪ್ಕಂಡೆ. ನಾನಿನ್ನೆಷ್ಟ್ ದಿನ ಇರ್ತೀನೋ, ಮತ್ತೆ ಈ ಊರಿಗೆ ಬರೋಕಾಯ್ತದೋ ಇಲ್ವೋ. ಓಗೋಕ್ ಮುಂಚೆ ಒಂದ್ಸಲ… ಕರೀತೀಯಾ ಅವ್ಳ?”

ಯೆತೆರ್ ಅವ್ವನ ಬಗ್ಗಿದ ತಲೆಯನ್ನೇ ನೋಡಿದಳು. ಅವಳು ಇಪ್ಪತ್ತೆಂಟು ವರ್ಷದಿಂದ ಕಾದಿದ್ದ ಮಾತು ಬಂದೇಬಿಟ್ಟಿತ್ತು. ನೀನು ಬೇರೆ ಎಂದು ಅವ್ವ ಒಪ್ಪಿದ್ದಳು. ಒಪ್ಪಿ, ಪಕ್ಕಕ್ಕೆ ಸರಿ ಅನ್ನುತ್ತಿದ್ದಳು.

ಅವಳು ಕಣ್ಣು ಮುಚ್ಚಿದಳು. ಬಾರೇ ಎಂದು ಮನಸ್ಸಿನಲ್ಲೇ ಕರೆದಳು. ಕಿವಿ ಜುಂಯ್ ಎನ್ನಲಿ, ಬೆಳಕು ದೂರ ಹೋಗಲಿ ಎಂದು ಕಾದಳು. ಹೋಗಲಿಲ್ಲ. ಬೇಡ ಅಂದಾಗಲೆಲ್ಲ ನುಗ್ಗಿ ಬರುತ್ತಿದ್ದವಳು ಆ ಮಧ್ಯಾಹ್ನ ಬರಲಿಲ್ಲ. ಡೋಲಿನ ಪ್ರತಿಯೊಂದು ಪೆಟ್ಟೂ ಯೆತೆರಳಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇಷ್ಟು ಚೆನ್ನಾಗಿ ಎಚ್ಚರವಾಗಿದ್ದದ್ದು ಅವಳಿಗೆ ನೆನಪೇ ಇರಲಿಲ್ಲ.

ಕ್ಲೀನರು ಸಿವಾಸ್, ಸಿವಾಸ್ ಎಂದು ಕೂಗಿದ.

ಯೆತೆರ್ ತಲೆಯನ್ನು ಎದೆಗೆ ವಾಲಿಸಿದಳು. ರೆಪ್ಪೆ ಬಡಿದಳು. ಬೆಂಚಿನಿಂದ ಜಾರಿ, ಎಣ್ಣೆ ಜಿಡ್ಡಿನ ಸಿಮೆಂಟಿನ ಮೇಲೆ ಮಂಡಿಯೂರಿ, ಅವ್ವನ ಮಡಿಲಿಗೆ ಕೆನ್ನೆ ಒತ್ತಿದಳು.

“ಅವ್ವಾ, ಚಳಿ.”

ಕೋಟು ತೆರೆದುಕೊಂಡಿತು. ಎರಡು ತೋಳು ಅವಳನ್ನು ಬಾಚಿ ಒಳಗೆ ಎಳೆದುಕೊಂಡವು. ಸೌದೆ ಹೊಗೆಯ, ಕುರಿಯುಣ್ಣೆಯ, ಬೆವರಿನ ವಾಸನೆ. ಒಣ ತುಟಿ ನೆತ್ತಿಗೆ ತಾಗಿತು, ಆಮೇಲೆ ಕಣ್ಣಿಗೆ, ಆಮೇಲೆ ಕಿವಿಯ ಹಿಂದೆ. ಈ ಸಲ ಒಂದೊಂದೂ ಅವಳಿಗೆ ಗೊತ್ತಾಯಿತು. ಅವ್ವ ಹಾಡು ಶುರು ಮಾಡಿದಳು. ಕ್ಯಾಸೆಟ್ಟಿನಲ್ಲಿ ಕೇಳಿದಷ್ಟನ್ನು ಯೆತೆರ್ ಜೊತೆಗೆ ಹೇಳಿದಳು, ಗೊತ್ತಿಲ್ಲದ ಕಡೆ ಅತ್ತಳು. ತನ್ನ ಹೆಸರು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ಹೇಳಿದರೆ ಆ ತೋಳು ಸಡಿಲವಾಗುತ್ತದೆಂದು ಅವಳಿಗೆ ಗೊತ್ತಿತ್ತು.

“ನೀನೇ ಅಲ್ವೇನೇ? ನಿಜವಾಗ್ಲೂ ನೀನೇನಾ?” ಅವ್ವ ಅವಳ ಮುಖ ಎತ್ತಿ ಹಿಡಿದು ಕೇಳಿದಳು.

“ನಾನೇ ಅವ್ವಾ” ಎಂದಳು ಯೆತೆರ್. “ಗುಲಿಜಾರ್.”